ಗೀರಿನಲ್ಲಿದ್ದುದು ಯಾವ ವೈರಾಣು?

ಮಾನ್ಯರೇ,

ಕಳೆದ ಸಂಚಿಕೆಯ ಸಿಡುಬಿನ ಲೇಖನದ ಬಗ್ಗೆ ತಾವು ಬರೆದ ಪತ್ರ ತಲುಪಿದೆ. ‘ದನದ ಸಿಡುಬಿನ ವೈರಾಣುವೇ ಸಿಡುಬನ್ನು ಭೂಮಿಯಿಂದ ಅಳಿಸಿತು’ ಎಂಬ ನಮ್ಮ ವಾಕ್ಯ ತಪ್ಪೆಂದೂ, ಸಿಡುಬಿನ ಲಸಿಕೆಗೆ ಹೆಸರಾದ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನಿಗಿಂತ ಇಪ್ಪತ್ತೆರಡು ವರ್ಷ ಮೊದಲೇ ಒಬ್ಬ ರೈತ ದನದ ಸಿಡುಬಿನ ಕೀವನ್ನು ಮನೆಯವರಿಗೆ ಹಾಕಿ ಸಿಡುಬಿನಿಂದ ಕಾಪಾಡಿದ್ದರಿಂದ ಜೆನ್ನರನದು ಎರವಲು ಕೀರ್ತಿಯೆಂದೂ ತಾವು ಆಕ್ಷೇಪಿಸಿದ್ದೀರಿ. ಮೊದಲನೆಯ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇವೆ. ಎರಡನೆಯದರಲ್ಲಿ ಸಂಗತಿ ನಿಜ. ತೀರ್ಮಾನ ಮಾತ್ರ ನಮಗೆ ಒಪ್ಪಿಗೆಯಿಲ್ಲ.

ತಾವು ಹೇಳುವ ರೈತ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಬೆಂಜಮಿನ್ ಜೆಸ್ಟಿ. 1774ರಲ್ಲಿ ಊರಿಗೆ ಸಿಡುಬು ಬಂದಾಗ ಅವನು ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಗುಳ್ಳೆಯೆದ್ದ ಹಸುಗಳಿದ್ದ ಕಡೆಗೆ ಕರೆದೊಯ್ದು, ಕಾಲುಚೀಲ ಹೆಣೆಯುವ ಸೂಜಿಯಿಂದ ಕೆಚ್ಚಲಿನ ಕೀವನ್ನು ಅವರ ತೋಳಿಗೆ ಗೀರಿದ. ಹೆಂಡತಿಯ ತೋಳು ಊದಿಕೊಂಡು ಕೆಲದಿನ ಗಾಬರಿಯೇ ಆಯಿತು. ನೆರೆಯವರು ಅವನನ್ನು ವಾಚಾಮಗೋಚರವಾಗಿ ಬೈದರು. ದನದ ಸಿಡುಬು ಬಂದವರಿಗೆ ದೊಡ್ಡ ಸಿಡುಬು ಅಂಟುವುದಿಲ್ಲವೆಂಬುದು ಹಾಲು ಕರೆಯುವವರ ನಡುವೆ ಮೊದಲೇ ಇದ್ದ ಮಾತು. ಜೆಸ್ಟಿ ಆ ಮಾತನ್ನು ನಂಬಿ ಮನೆಯವರನ್ನು ಉಳಿಸಿಕೊಂಡ, ಅಷ್ಟಕ್ಕೇ ನಿಂತ. ಇದರಲ್ಲಿ ಅವನ ಧೈರ್ಯವೇನೂ ಸಣ್ಣದಲ್ಲ.

ಜೆನ್ನರ್ ಮಾಡಿದ್ದು ಬೇರೆ. 1796ರ ಮೇ 14ರಂದು ಅವನು ಗ್ಲೋಸ್ಟರ್‌ಷೈರಿನ ಬರ್ಕ್ಲಿಯಲ್ಲಿ, ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಂಗಸಿನ ಕೈಯ ಗುಳ್ಳೆಯಿಂದ ದ್ರವ ತೆಗೆದ. ಮುಳ್ಳು ಗೀರಿದ್ದ ಜಾಗದಲ್ಲಿ ಅವಳಿಗೆ ಹಸುವಿನಿಂದ ರೋಗ ಹತ್ತಿತ್ತು. ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿನ ಮೇಲೆ ಅರ್ಧ ಅಂಗುಲದ ಎರಡು ಗೀರು ಎಳೆದು ಆ ದ್ರವವನ್ನು ಸವರಿದ. ಏಳನೆಯ ದಿನ ಹುಡುಗನಿಗೆ ಕಂಕುಳಲ್ಲಿ ನೋವು, ಒಂಬತ್ತನೆಯ ದಿನ ತುಸು ಚಳಿ, ತಲೆನೋವು, ಊಟ ಸೇರದಿರುವುದು. ಮರುದಿನ ಎಲ್ಲವೂ ಸರಿಹೋಯಿತು. ಜುಲೈ 1ರಂದು ನಿಜವಾದ ಸಿಡುಬಿನ ಕೀವನ್ನೇ ಅವನಿಗೆ ಚುಚ್ಚಿದರೂ ರೋಗ ಬರಲಿಲ್ಲ. (ಇಂದು ಯಾವ ನೈತಿಕ ಸಮಿತಿಯೂ ಇದಕ್ಕೆ ಅನುಮತಿ ಕೊಡದು. ಆದರೆ ಆಗ ಸಿಡುಬಿನ ಕೀವನ್ನೇ ಆರೋಗ್ಯವಂತರಿಗೆ ಚುಚ್ಚುವುದು ರೂಢಿಯ ಚಿಕಿತ್ಸೆಯಾಗಿತ್ತು. ಅದರಿಂದ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರೂ, ತಾನಾಗಿ ಬರುವ ಸಿಡುಬಿನಿಂದ ಸಾಯುತ್ತಿದ್ದವರು ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿ.)

ಇಷ್ಟೇ ಆಗಿದ್ದರೆ ತಮ್ಮ ಆಕ್ಷೇಪ ಸರಿಯೇ ಆಗುತ್ತಿತ್ತು. ಆದರೆ ದನದ ಸಿಡುಬು ಎಲ್ಲೆಂದರಲ್ಲಿ ಸಿಗುವ ರೋಗವಲ್ಲ. ಬೇಕಾದಾಗ ಹಸುವಿಗೆ ಗುಳ್ಳೆಯೇಳುವುದಿಲ್ಲ. ಈ ತೊಡಕನ್ನು ಜೆನ್ನರ್ 1798ರಲ್ಲಿ ಬಿಡಿಸಿದ. ಹಸುವಿನಿಂದ ಒಂದು ಮಗುವಿಗೆ, ಆ ಮಗುವಿನ ಗುಳ್ಳೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೀಗೆ ತೋಳಿನಿಂದ ತೋಳಿಗೆ ದಾಟಿಸಿದರೂ ರಕ್ಷಣೆಯ ಗುಣ ಕುಂದುವುದಿಲ್ಲವೆಂದು ತೋರಿಸಿ, ಅದೇ ವರ್ಷ ಅಚ್ಚು ಮಾಡಿಸಿದ. ಅಲ್ಲಿಂದ ಮುಂದೆ ಹಸುವಿನ ಹಂಗು ತಪ್ಪಿತು. 1803ರಲ್ಲಿ ಸ್ಪೇನಿನಿಂದ ಹೊರಟ ಬಾಲ್ಮಿಸ್ ಎಂಬ ವೈದ್ಯನ ಹಡಗಿನಲ್ಲಿ 22 ಅನಾಥ ಬಾಲಕರಿದ್ದರು. ಒಬ್ಬರಾದ ಮೇಲೊಬ್ಬರಿಗೆ ಹಾಕುತ್ತ, ಗುಳ್ಳೆಯನ್ನು ಜೀವಂತವಾಗಿಟ್ಟೇ ಅಟ್ಲಾಂಟಿಕ್ ದಾಟಿದರು.

ನಮ್ಮ ತಪ್ಪಿನ ಬೇರು ಇರುವುದೂ ಈ ಸರಪಳಿಯಲ್ಲೇ. ತೋಳಿನಿಂದ ತೋಳಿಗೆ, ಮುಂದೆ ಕರುವಿನ ಚರ್ಮದಿಂದ ಚರ್ಮಕ್ಕೆ ನೂರಾರು ಬಾರಿ ದಾಟಿದ ದ್ರವದ ಮೂಲವನ್ನು ಯಾರೂ ಬರೆದಿಟ್ಟಿರಲಿಲ್ಲ. 1939ರಲ್ಲಿ ಅಲನ್ ಡೌನಿ ಎಂಬ ವಿಜ್ಞಾನಿ ಬಳಕೆಯಲ್ಲಿದ್ದ ಲಸಿಕೆಯ ವೈರಾಣುವನ್ನೂ ಹಸುಗಳಿಂದ ಹೊಸದಾಗಿ ಪಡೆದ ವೈರಾಣುವನ್ನೂ ಹೋಲಿಸಿ, ಅವೆರಡೂ ಒಂದೇ ಅಲ್ಲವೆಂದು ತೋರಿಸಿದ. ಲಸಿಕೆಯಲ್ಲಿದ್ದುದಕ್ಕೆ ಇಂದು ‘ವ್ಯಾಕ್ಸಿನಿಯಾ’ ಎಂಬ ಬೇರೆ ಹೆಸರಿದೆ. 1902ರಲ್ಲಿ ಅಮೆರಿಕದಲ್ಲಿ ತಯಾರಾದ ಲಸಿಕೆಯೊಂದರ ಮಾದರಿಯನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಅದರ ವಂಶವಾಹಿ ಕುದುರೆ ಸಿಡುಬಿನ ವೈರಾಣುವಿಗೆ ಬಹಳ ಹತ್ತಿರ. ಹಸುವಿಗೆ ಈ ರೋಗ ಕುದುರೆಯ ಗೊರಸಿನ ಹುಣ್ಣಿನಿಂದ ಬರುತ್ತದೆಂದು ಜೆನ್ನರ್ ವಾದಿಸಿದಾಗ ಅನೇಕರು ನಕ್ಕಿದ್ದರು. ಅವನ ವಾದ ಹಾಗೆಯೇ ಸರಿಯಲ್ಲ, ಆದರೆ ನಕ್ಕವರು ತುಸು ಅವಸರಪಟ್ಟರು.

ಇನ್ನು ‘ದನದ ಸಿಡುಬು’ ಎಂಬ ಹೆಸರೂ ದಾರಿ ತಪ್ಪಿಸುವಂಥದೇ. ಆ ವೈರಾಣುವಿನ ನಿಜವಾದ ನೆಲೆ ಯುರೋಪಿನ ಹೊಲದ ಇಲಿಗಳು. ಈಗ ಮನುಷ್ಯರಿಗೆ ಅದು ಅಪರೂಪಕ್ಕೆ ತಗಲುವುದೂ ಇಲಿ ಹಿಡಿಯುವ ಬೆಕ್ಕುಗಳಿಂದಲೇ ಹೆಚ್ಚು. ಇಂಗ್ಲಿಷಿನ ‘ವ್ಯಾಕ್ಸಿನ್’ ಹಸು ಎಂಬರ್ಥದ ಲ್ಯಾಟಿನ್ ಪದ ‘ವಾಕ್ಕಾ’ವನ್ನು ಹಿಡಿದುಕೊಂಡೇ ಉಳಿಯಿತು. ನಮ್ಮ ‘ಲಸಿಕೆ’ಗೆ ಸಂಸ್ಕೃತದಲ್ಲಿ ಮೈಯೊಳಗಿನ ತಿಳಿದ್ರವ ಎಂದಷ್ಟೇ ಅರ್ಥ, ಗುಳ್ಳೆಯಿಂದ ತೆಗೆದು ತೋಳಿಗೆ ಸವರುತ್ತಿದ್ದುದು ಅದೇ ಆದ್ದರಿಂದ, ಈ ಪದಕ್ಕೆ ಪ್ರಾಣಿಯ ತಂಟೆಯೇ ಇಲ್ಲ.

ಆದ್ದರಿಂದ ನಮ್ಮ ವಾಕ್ಯವನ್ನು ಓದುಗರು ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ: ‘ದನದ ಸಿಡುಬಿನ ಪ್ರಯೋಗದಿಂದ ಆರಂಭವಾಗಿ, ಮುಂದೆ ವ್ಯಾಕ್ಸಿನಿಯಾ ವೈರಾಣುವಿನಿಂದ ತಯಾರಾದ ಲಸಿಕೆಯು ಸಿಡುಬನ್ನು ಅಳಿಸಿತು; ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಕಂಡಿತು, 1980ರ ಮೇ 8ರಂದು ನಿರ್ಮೂಲನೆಯ ಘೋಷಣೆಯಾಯಿತು.’

— ಸಂಪಾದಕ