ಬಿರುಕು ಬಿಟ್ಟ ಅಲಾಯ್ ಚಕ್ರಕ್ಕೆ ಬೆಸುಗೆ ಹಾಕಿಸಬೇಡಿ

ಪ್ರಶ್ನೆ: ರಸ್ತೆ ಗುಂಡಿಗೆ ಇಳಿದು ಬೈಕಿನ ಮುಂದಿನ ಅಲಾಯ್ ಚಕ್ರದ ಅಂಚು ಬಿರುಕು ಬಿಟ್ಟಿದೆ. ಆರ್ಗಾನ್ ವೆಲ್ಡಿಂಗ್ ಮಾಡಿಸಿದರೆ ಹೊಸದಕ್ಕಿಂತ ಗಟ್ಟಿಯಾಗುತ್ತದೆ ಎನ್ನುತ್ತಾರೆ ಅಂಗಡಿಯವರು. ಮಾಡಿಸಬಹುದೇ?

ಉತ್ತರ: ಬೇಡ. ಹೊಸ ಚಕ್ರ ಹಾಕಿಸಿ. ಊರು ಬೇರೆ, ಬೈಕ್ ಬೇರೆ, ಆದರೆ ಇದೇ ಪ್ರಶ್ನೆ ಪ್ರತಿ ಮಳೆಗಾಲ ಮುಗಿದ ಮೇಲೆ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಬೆಸುಗೆಯ ಗೆರೆ ಗಟ್ಟಿಯಾಗಿಯೇ ಇರಬಹುದು. ತೊಂದರೆ ಇರುವುದು ಅದರ ಪಕ್ಕದಲ್ಲಿ. ಇಂಥ ಚಕ್ರಗಳು ಸಾಮಾನ್ಯವಾಗಿ ಅಲ್ಯೂಮಿನಿಯಂಗೆ ಶೇ 7ರಷ್ಟು ಸಿಲಿಕಾನ್, ಶೇ 0.3ರಷ್ಟು ಮೆಗ್ನೀಸಿಯಂ ಬೆರೆಸಿದ ಎರಕ. ಎರಕ ಹೊಯ್ದ ಮಾತ್ರಕ್ಕೆ ಬಲ ಬರುವುದಿಲ್ಲ. 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ 150-160 ಡಿಗ್ರಿಯಲ್ಲಿ ಇಟ್ಟು ಹದ ಮಾಡುತ್ತಾರೆ. ಆಗ ಮೆಗ್ನೀಸಿಯಂ, ಸಿಲಿಕಾನ್ ಎರಡೂ ಸೇರಿ ಕಣ್ಣಿಗೆ ಕಾಣದ ಕಣಗಳಾಗಿ ಲೋಹದೊಳಗೆಲ್ಲ ಹರಡಿಕೊಳ್ಳುತ್ತವೆ. ಲೋಹದ ಪದರಗಳು ಜಾರದಂತೆ ಹಿಡಿದಿಡುವುದು ಈ ಕಣಗಳೇ. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಕಣಗಳು ಕರಗುತ್ತವೆ, ಇಲ್ಲವೇ ದಪ್ಪಗಾಗಿ ನಿರುಪಯುಕ್ತವಾಗುತ್ತವೆ. ಹದ ಕೆಟ್ಟ ಆ ಜಾಗವನ್ನು ಸರಿಪಡಿಸಲು ಇಡೀ ಚಕ್ರವನ್ನೇ ಮತ್ತೆ ಕುಲುಮೆಗೆ ಹಾಕಬೇಕು. ಹಾಕಿದರೆ ಚಕ್ರ ಸೊಟ್ಟಗಾಗುವ ಭಯ.

ಹೀಗೆ ಬೆಸುಗೆ ಹಾಕಿಸಿದ ಚಕ್ರವೊಂದು ನನ್ನ ಮೇಜಿಗೆ ಬಂದಿತ್ತು. ಉಜ್ಜಿ, ಬಣ್ಣ ಬಳಿದು, ಹೊಸದರಂತೆ ಮಾಡಿದ್ದರು. ಬಣ್ಣ ಕೆರೆದು, ಬಿರುಕಿನೊಳಗೆ ಇಳಿಯುವ ಕೆಂಪು ದ್ರವ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಒಳಗೆ ಉಳಿದದ್ದನ್ನು ಹೊರಗೆಳೆಯುವ ಬಿಳಿ ಪುಡಿ ಸಿಂಪಡಿಸಿದೆ. ನೋಡುತ್ತಿದ್ದಂತೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಬೆಸುಗೆಯ ಮೇಲಲ್ಲ, ಅದರ ಮಗ್ಗುಲಲ್ಲಿ, ಸ್ಪೋಕಿನ ಬುಡದವರೆಗೆ. ಆ ಚಕ್ರವಿದ್ದ ಬೈಕಿನಲ್ಲೇ ಅದರ ಮಾಲೀಕ ದಿನವೂ ಮಗಳನ್ನು ಶಾಲೆಗೆ ಬಿಡುತ್ತಿದ್ದ.

ಉಕ್ಕು ಒಂದು ಮಿತಿಯೊಳಗಿನ ಹೊರೆಯನ್ನು ಎಷ್ಟು ಸಲ ಹೇರಿದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿ ಇಲ್ಲ. ಪ್ರತಿ ಸುತ್ತೂ ಲೆಕ್ಕಕ್ಕೆ ಸೇರುತ್ತದೆ, ಬಿರುಕು ಸದ್ದಿಲ್ಲದೆ ಬೆಳೆಯುತ್ತದೆ.

ಸೊಟ್ಟ ಚಕ್ರವನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಬಡಿಯುವವರ ಹತ್ತಿರವಂತೂ ಸುಳಿಯಬೇಡಿ. ಕಬ್ಬಿಣ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಕರಗಿ ಕುಸಿಯುವ ಗಳಿಗೆಯವರೆಗೂ ಬೆಳ್ಳಗೇ ಇರುತ್ತದೆ. ಎಷ್ಟು ಕಾಯಿಸಿದೆ ಎಂಬುದು ಬಡಿಯುವವನಿಗೇ ತಿಳಿದಿರುವುದಿಲ್ಲ.

ಪ್ರಶ್ನೆ: 'ಮ್ಯಾಗ್ ವೀಲ್' ಎಂದರೆ ಮೆಗ್ನೀಸಿಯಂ ಚಕ್ರವೇ? ಆಯಸ್ಕಾಂತದಿಂದ ಪರೀಕ್ಷಿಸಬಹುದೇ?

ಉತ್ತರ: ಹೆಸರು ಮಾತ್ರ ಉಳಿದಿದೆ, ಈಗಿನವು ಬಹುಪಾಲು ಅಲ್ಯೂಮಿನಿಯಂ. ಆಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ. ಕೆರೆದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ: ಮೆಗ್ನೀಸಿಯಂ ನೊರೆಗುಟ್ಟುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ.

ಪ್ರಶ್ನೆ: 'ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ' ಎಂದು ಏಣಿ ಮಾರುತ್ತಿದ್ದಾರೆ. ನಂಬಬಹುದೇ?

ಉತ್ತರ: ಮಿಶ್ರಲೋಹದ ಸಂಖ್ಯೆ ಕೇಳಿ, 6061 ಅಥವಾ 7075 ಎಂಬಂತೆ. ಹೇಳದಿದ್ದರೆ ಎದ್ದು ಬನ್ನಿ.

ಪ್ರಶ್ನೆ: ಲೇತಿನಲ್ಲಿ ಮೆಗ್ನೀಸಿಯಂ ಚೂರಿಗೆ ಬೆಂಕಿ ಹತ್ತಿದರೆ ನೀರು ಹಾಕಬಹುದೇ?

ಉತ್ತರ: ಖಂಡಿತ ಬೇಡ! ನೀರಿನಿಂದ ಹೈಡ್ರೋಜನ್ ಹುಟ್ಟಿ ಬೆಂಕಿ ಸಿಡಿಯುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕೂಡ ಬೇಡ, ಆ ಅನಿಲದಲ್ಲೂ ಮೆಗ್ನೀಸಿಯಂ ಉರಿಯುತ್ತದೆ. ಲೋಹದ ಬೆಂಕಿಗೆಂದೇ ಇರುವ ಪುಡಿ ಅಥವಾ ಪೂರ್ತಿ ಒಣಗಿದ ಮರಳನ್ನು ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಆ ಮರಳಿಗೆ ಕೈ ಹಾಕಿ ನೋಡಿ. ತಣ್ಣಗೆ, ಒದ್ದೆಯಾಗಿ ತಗಲಿದರೆ ಅಂದೇ ಬದಲಿಸಿ.