40 ಸೆಂಟ್ ಮಳೆ ನಂಬಿ ಎಂಜಿನ್ ನಿಲ್ಲಿಸಬೇಡಿ

ಸಕಲೇಶಪುರ ಕಡೆಯ ಅಣ್ಣ ಒಬ್ಬರು ಬೆಳಿಗ್ಗೆ ಹಾಕಿದ ಪೋಸ್ಟ್ ನೋಡಿದೆ. ಮೊನ್ನೆ 40 ಸೆಂಟ್ (ನೂರು ಸೆಂಟಿಗೆ ಒಂದು ಇಂಚು) ಮಳೆ ಬಂತು, ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನಿಲ್ಲಿಸಿದೆ, ಡೀಸೆಲ್ ಉಳಿಯಿತು ಅಂತ. ಅಣ್ಣ, ಇವತ್ತೇ ಪೈಪ್ ಎಳೆಸಿ.

ನಮ್ಮಲ್ಲೂ ಒಂದು ವರ್ಷ ಅಷ್ಟೇ ಬಿದ್ದಿತ್ತು. ದೇವರೇ ಹೂ ಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ) ಕೊಟ್ಟ ಅಂತ ಪಂಪಿನ ಎಂಜಿನ್‌ಗೆ ಟಾರ್ಪಾಲು ಹೊದಿಸಿ ಕೂತೆ. ಮೊಗ್ಗು ಊದಿತು, ಉದ್ದ ಆಯಿತು. ಒಂಬತ್ತನೇ ದಿನ ತೋಟಕ್ಕೆ ಹೋದರೆ ಘಮವೇ ಇಲ್ಲ. ಅರ್ಧ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತ್ತು. ಉಳಿದದ್ದು ನಕ್ಷತ್ರ ಹೂ, ಅಂದರೆ ಸರಿಯಾಗಿ ಅರಳದೆ ಕಾಯಿ ಕಟ್ಟದ ಹೂ. ಆಮೇಲೆ ಎರಡು ಇಂಚು ಕೊಟ್ಟರೂ ಏನೂ ಆಗಲಿಲ್ಲ. ಎಚ್ಚರಾದ ಮೊಗ್ಗನ್ನು ಮತ್ತೆ ಮಲಗಿಸಲು ಆಗುತ್ತದಾ?

ಈಗ ಒಂದು ಇಂಚಿಗಿಂತ ಕಡಿಮೆ ಬಿದ್ದರೆ ನಾನು ಅದನ್ನು ಮಳೆ ಅನ್ನುವುದಿಲ್ಲ. ಮರುದಿನವೇ ಜೆಟ್ (ಸ್ಪ್ರಿಂಕ್ಲರ್) ಹಾಕಿ ಒಂದೂವರೆ ಇಂಚಿಗೆ ತುಂಬಿಸುತ್ತೇನೆ. ಹದಿನೈದಿಪ್ಪತ್ತು ದಿನಕ್ಕೆ ಬ್ಯಾಕಿಂಗ್, ಅಂದರೆ ಹೂವಾದ ಮೇಲಿನ ಎರಡನೇ ನೀರು, ಒಂದು ಇಂಚು. ಹೂ ಅರಳಿದ ದಿನ ಮಾತ್ರ ಜೆಟ್ ಮುಟ್ಟಬೇಡಿ, ಪರಾಗ ತೊಳೆದು ಹೋಗುತ್ತದೆ. ಕೆರೆ ನೀರು ಸಾಲದಿದ್ದರೆ ಅರ್ಧ ತೋಟಕ್ಕೆ ಪೂರ್ತಿ ಕೊಡಿ, ಇಡೀ ತೋಟಕ್ಕೆ ಅರೆಬರೆ ಬೇಡ. ಇನ್ನೊಂದು ಜಾತಿ ಕಾಫಿ ಅರೇಬಿಕಾ ಬೆಳೆಯುವವರು ಇದನ್ನು ಹಾಗೇ ಕಾಪಿ ಮಾಡಬೇಡಿ ಮಾರಾಯರೆ. ಪಕ್ಕದ ತೋಟದವರ ಸೆಂಟನ್ನೂ ನಂಬಬೇಡಿ. ಗುಡ್ಡದ ಆಚೆ ಸುರಿದದ್ದು ಈಚೆ ಹನಿ ಹಾಕಿರುವುದಿಲ್ಲ. ಎಂಜಿನ್ ಯಾವುದು ಅಂತ ಕೇಳುವವರಿಗೆ: ನಾನು ಕಿರ್ಲೋಸ್ಕರ್ ಬಿಟ್ಟು ಬೇರೆ ತರುವುದಿಲ್ಲ. ಅಗ್ಗದ ಜೆಟ್ ತಂದು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಒಂದು ಮೂಲೆಗೆ ಹೊಳೆ, ಇನ್ನೊಂದು ಮೂಲೆಗೆ ಧೂಳು.

ಆ ಪೋಸ್ಟಿನ ಕೆಳಗೆ ಯಾರೋ "ವರ್ಷದ ಮಳೆ ಅಷ್ಟೇ ಇದೆ, ಹವಾಮಾನ ಬದಲಾವಣೆ ಎಲ್ಲಾ ಸುಮ್ನೆ" ಅಂದಿದ್ದಾರೆ. ಒಟ್ಟು ಇಂಚು ಹಿಡಿದುಕೊಂಡು ಏನು ಮಾಡುತ್ತೀರಿ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ಆವಿ ಹಿಡಿಯಬಲ್ಲದು. ಬೇಸಿಗೆಯಲ್ಲಿ ನಮ್ಮ ಮಣ್ಣಿನ ತೇವ ಎಳೆಯುವುದೂ ಅದೇ ಗಾಳಿ, ಆಮೇಲೆ ಒಂದೇ ಸಲ ಸುರಿಯುವುದೂ ಅದೇ. 2018, 2019ರ ಆಗಸ್ಟ್ ಮಳೆ ನೆನಪಿದೆ ಅಲ್ವಾ? ಅಷ್ಟು ನೀರಿನಲ್ಲಿ ಇಂಗಿದ್ದೆಷ್ಟು? ಮೇಲ್ಮಣ್ಣು ಕಟ್ಟಿಕೊಂಡು ಹೇಮಾವತಿ ಹೊಳೆಗೆ ಹೋಯಿತು. 2023ರಲ್ಲಿ ನೋಡಿದರೆ ಬರ.

ಅದಕ್ಕೇ ಸಾಲಿನ ನಡುವೆ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಸಿ, ತರಗು ತುಂಬಿಸಿ. ಧರೆ ಕುಸಿಯುವ ಜಾಗದಲ್ಲಿ ಬೇಡ. ಮರಗಸಿಯನ್ನೂ (ನೆರಳು ಮರದ ಕೊಂಬೆ ಸವರುವುದು) ಹದವಾಗಿ ಮಾಡಿಸಿ. ಮೆಣಸಿಗೆ ಅಂತ ಕಾಡುಮರ ಕಡಿದು ಬರೀ ಸಿಲ್ವರ್ ಓಕ್ ನೆಟ್ಟವರು ಈಗ ನೆರಳಿಲ್ಲ ಅಂತ ಅತ್ತರೆ ನಾನೇನು ಹೇಳಲಿ.

ಅಣ್ಣ, ಮೊಗ್ಗಿನ ಫೋಟೋ ಹಾಕಿ. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಫೋಟೋ.