ಹೊಸ ಬ್ಯಾಂಡ್‌ಗಳ ಹೊಸ ಹಾಡು ಸಿಗೋದೆಲ್ಲಿ?

ಪ್ರಶ್ನೆ: ಸಾರ್, ಕಾಲೇಜ್ ಫೆಸ್ಟಲ್ಲಿ ರಘು ದೀಕ್ಷಿತ್ ಶೋ ನೋಡಿದ್ಮೇಲೆ ಸಿನಿಮಾ ಹಾಡು ಬಿಟ್ಟು ಬೇರೆ ಏನಾದ್ರೂ ಕೇಳೋಣ ಅನ್ನಿಸ್ತಿದೆ. ಆದ್ರೆ ಸ್ವಂತವಾಗಿ ರಾಕ್, ಪಾಪ್ ಮಾಡೋರು ಹೊಸ ಹಾಡು ಬಿಟ್ರೆ ನಮ್ ಕಡೆ ಸುದ್ದಿನೇ ಬರಲ್ಲ. ಯೂಟ್ಯೂಬ್ ತೆಗೆದ್ರೆ ಮತ್ತೆ ಅದೇ ಲಿರಿಕಲ್ ವಿಡಿಯೋಗಳು. ಎಲ್ಲಿ ಹುಡುಕ್ಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಯೂಟ್ಯೂಬ್‌ನ ಬೈದು ಏನೂ ಪ್ರಯೋಜನ ಇಲ್ಲ ಮಾರಾಯ್ರೆ, ನಿನ್ನೆ ನೀವು ಏನು ಕೇಳಿದ್ರೋ ಅದನ್ನೇ ಇವತ್ತು ಒಗ್ಗರಣೆ ಹಾಕಿ ಬಡಿಸೋದು ಅದರ ಕೆಲಸ. ನನ್ನ ಕೇಳಿದ್ರೆ ಹಾಡಿನ ಹಿಂದೆ ಇರೋ ಜನಗಳನ್ನ ಹಿಡ್ಕೊಳ್ಳಿ. ಈಗ ನಿಮಗೆ ರಘು ದೀಕ್ಷಿತ್ ಇಷ್ಟ ಆದ್ರಲ್ಲ, ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು, ತಂದಿದ್ದು ಹಿಂದಿ ಸಿನಿಮಾಕ್ಕೆ ಸಂಗೀತ ಕೊಡೋ ಬಾಂಬೆಯ ವಿಶಾಲ್-ಶೇಖರ್ ಅವರ ಲೇಬಲ್ಲು, ಅಂದ್ರೆ ಆಡಿಯೋ ಕಂಪನಿ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡ್ತಿದ್ದ ಬ್ಯಾಂಡು ಸ್ವರಾತ್ಮ, ಅಲ್ಲಿಂದ ಅವರದ್ದೇ ಇನ್ನೊಂದು ಬ್ಯಾಂಡು ವಾಸು ದೀಕ್ಷಿತ್ ಕಲೆಕ್ಟಿವ್. ಅದೇ ಬೆಂಗಳೂರಲ್ಲಿ 1996ರಿಂದ ಇಂಗ್ಲಿಷಲ್ಲಿ ಹಾಡ್ಕೊಂಡು ಬಂದಿರೋ ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡ್ ಇದೆ, ಅದರ ಗಿಟಾರಿಸ್ಟ್ ಬ್ರೂಸ್ ಲೀ ಮಣಿ ಮ್ಯೂಸಿಕ್ ಸ್ಕೂಲ್ ಬೇರೆ ಕಟ್ಟಿದ್ದಾರೆ, ಅಂಥ ಕಡೆ ಕಲಿತ ಹುಡುಗ್ರು ನಾಳೆ ತಮ್ದೇ ಬ್ಯಾಂಡ್ ಮಾಡ್ತಾರೆ. ಹಿಂಗೇ ಒಬ್ಬರಿಂದ ಒಬ್ಬರಿಗೆ ಹೋಗ್ತಾ ಇದ್ರೆ ಒಂದು ವಾರದಲ್ಲೇ ನಿಮ್ಮ ಹತ್ರ ದೊಡ್ಡ ಲಿಸ್ಟ್ ಆಗಿರತ್ತೆ. ಸ್ಪಾಟಿಫೈಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದ್ರೆ ಕ್ರೆಡಿಟ್ಸ್ ಸಿಗತ್ತೆ, ಬರೆದಿದ್ದು ಯಾರು ಪ್ರೊಡ್ಯೂಸ್ ಮಾಡಿದ್ದು ಯಾರು ಅಂತ, ಅದನ್ನ ಯಾರೂ ನೋಡಲ್ಲ, ನೀವು ನೋಡಿ. ಹೆಸರು ಸಿಕ್ಕಿದ ತಕ್ಷಣ ಫಾಲೋ ಒತ್ತಿ, ಬರೀ ಹಾಡು ಸೇವ್ ಮಾಡಿದ್ರೆ ಸಾಲದು. ಫಾಲೋ ಮಾಡಿರೋರ ಹೊಸ ಹಾಡು ಶುಕ್ರವಾರದ ರಿಲೀಸ್ ರೇಡಾರ್ ಲಿಸ್ಟಲ್ಲಿ ಬರತ್ತೆ.

ಶುಕ್ರವಾರನೇ ಯಾಕೆ ಅಂದ್ರೆ, ಹೊಸ ಆಲ್ಬಮ್ ಬಿಡೋಕೆ ಮೊದಲು ಅಮೆರಿಕದಲ್ಲಿ ಮಂಗಳವಾರ, ಇಂಗ್ಲೆಂಡಲ್ಲಿ ಸೋಮವಾರ ಅಂತ ಒಂದೊಂದು ದೇಶಕ್ಕೆ ಒಂದೊಂದು ದಿನ ಇತ್ತು, 2015ರ ಜುಲೈಯಿಂದ ಎಲ್ರಿಗೂ ಶುಕ್ರವಾರ ಅಂತ ಆಯ್ತು. ಹಂಗಾಗಿ ಗುರುವಾರ ರಾತ್ರಿ ಹನ್ನೆರಡು ಹೊಡೀತಿದ್ದಂಗೆ ಹಾಡುಗಳ ಸುರಿಮಳೆ, ಅದರಲ್ಲಿ ದೊಡ್ಡ ಕಂಪನಿಯೋರ ಹಾಡು ಮೇಲೆ ತೇಲತ್ತೆ, ಚಿಕ್ಕೋರದ್ದು ತಳ ಸೇರತ್ತೆ.

ತಳದಲ್ಲಿ ಹುಡುಕೋಕೆ ನನಗೆ ಗೊತ್ತಿರೋ ಒಳ್ಳೇ ಜಾಗ ಅಂದ್ರೆ ಬ್ಯಾಂಡ್‌ಕ್ಯಾಂಪ್, ಹಾಡು ಮಾಡೋರೇ ತಮ್ಮ ಆಲ್ಬಮ್ ನೇರವಾಗಿ ಮಾರೋ ವೆಬ್‌ಸೈಟು. ಯಾವ್ದಾದ್ರೂ ಆಲ್ಬಮ್ ಪೇಜ್ ತೆಗೀರಿ, ಕವರ್ ಹತ್ರ ಚಿಕ್ಕ ಚಿಕ್ಕ ಚೌಕಗಳಲ್ಲಿ ಫೋಟೋ ಇರತ್ತೆ, ಅವರೆಲ್ಲ ಆ ಆಲ್ಬಮ್‌ನ ದುಡ್ಡು ಕೊಟ್ಟು ತಗೊಂಡೋರು. ಒಬ್ಬರ ಫೋಟೋ ಮೇಲೆ ಒತ್ತಿದ್ರೆ ಅವರು ತಗೊಂಡಿರೋದೆಲ್ಲ ಕಾಣತ್ತೆ, ನಿಮ್ಮಂಥ ರುಚಿ ಇರೋ ಒಬ್ಬ ಪುಣ್ಯಾತ್ಮ ಸಿಕ್ಕಿದ್ರೆ ಆರು ತಿಂಗಳಿಗಾಗೋವಷ್ಟು ಸಂಗೀತ ಸಿಕ್ತು ಅಂತ ಲೆಕ್ಕ. ಪೇಜ್ ಕೆಳಗೆ ಟ್ಯಾಗ್‌ಗಳಿರತ್ತೆ, ಅದರಲ್ಲಿ ಊರಿನ ಹೆಸರೂ ಇರತ್ತೆ, ಬೆಂಗಳೂರು ಅಂತ ಇರೋದು ಒತ್ತಿ ನೋಡಿ.

ರಾತ್ರಿ ಊಟದ ಹೊತ್ತಿಗೆ ಅಮೆರಿಕದ ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೋ ಹಾಕ್ಕೊಳ್ಳಿ, ನೆಟ್‌ನಲ್ಲಿ ಫ್ರೀ. ಅವರ ಬೆಳಗಿನ ಶೋ ನಮಗೆ ಆ ಹೊತ್ತಿಗೆ ಬರತ್ತೆ. ಅಲ್ಲಿ ಹಾಡು ಆರಿಸೋದು ಡೀಜೆಗಳೇ, ಈಗ ಬರ್ತಿರೋ ಹಾಡು ಯಾರದ್ದು ಅಂತ ಸೈಟಲ್ಲಿ ಆಗಿಂದಾಗ್ಗೆ ಹಾಕ್ತಾರೆ, ಕೆಲವು ಸಲ ಎರಡು ಸಾಲು ಕಥೆನೂ ಬರೀತಾರೆ.

ಪ್ರಶ್ನೆ: ಸ್ಪಾಟಿಫೈಲಿ ಎಲ್ಲ ಫ್ರೀಯಾಗಿ ಸಿಗೋವಾಗ ದುಡ್ಡು ಕೊಟ್ಟು ಆಲ್ಬಮ್ ತಗೊಳ್ಳೋದು ದಡ್ಡತನ ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. 2024ರಿಂದ ಸ್ಪಾಟಿಫೈ ರೂಲ್ಸ್ ಪ್ರಕಾರ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲನಾದ್ರೂ ಪ್ಲೇ ಆಗಿರ್ಬೇಕು, ಇಲ್ಲಾಂದ್ರೆ ಆ ರೆಕಾರ್ಡಿಂಗ್‌ಗೆ ರಾಯಲ್ಟಿ ಸೊನ್ನೆ. ಸ್ನೇಹಿತ್ರು, ನೆಂಟ್ರು ಕೇಳಿ 700 ಆಯ್ತು ಅನ್ನೋ ಹುಡುಗನ ಗತಿ ಏನು? ಬ್ಯಾಂಡ್‌ಕ್ಯಾಂಪಲ್ಲಿ ಡಿಜಿಟಲ್ ಆಲ್ಬಮ್ ಮಾರಿದ್ರೆ ಸೈಟಿನೋರು ಸಾಮಾನ್ಯವಾಗಿ 15% ಇಟ್ಕೋತಾರೆ, ಉಳಿದಿದ್ರಲ್ಲಿ ಹೆಚ್ಚಿನದು ಹಾಡು ಮಾಡಿದೋರಿಗೇ. ಕೋವಿಡ್ ಟೈಮಲ್ಲಿ, 2020ರ ಮಾರ್ಚಲ್ಲಿ, ಒಂದು ಶುಕ್ರವಾರ ತಮ್ಮ ಪಾಲು ಬಿಟ್ಕೊಟ್ರು, ಆಮೇಲೆ ಅದು ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಉಳ್ಕೊಂಡಿದೆ, ಡೇಟ್ ಮೊದಲೇ ಹೇಳ್ತಾರೆ. ತಗೊಳ್ಳೋದಿದ್ರೆ ಅವತ್ತೇ ತಗೊಳ್ಳಿ. ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡಿರ್ಬೇಕು, ಅಷ್ಟೇ.

ಪ್ರಶ್ನೆ: ಮಗಳು ಏನೇನೋ ಫಾರಿನ್ ಬ್ಯಾಂಡ್ ಕೇಳ್ತಾಳೆ, ಹುಟ್ಟುಹಬ್ಬಕ್ಕೆ ಅದರಲ್ಲೇ ಏನಾದ್ರೂ ಕೊಡೋಣ ಅಂತಿದೀನಿ. ನನಗೆ ತಲೆಬುಡ ಗೊತ್ತಿಲ್ಲ.
– ಗೃಹಿಣಿ, ಹಾಸನ

ಉತ್ತರ: ಎಲ್‌ಪಿ ರೆಕಾರ್ಡ್ ತರಿಸೋಕೆ ಹೋಗ್ಬೇಡಿ ಅಮ್ಮಾ, ಹೊರದೇಶದಿಂದ ಬರೋಷ್ಟ್ರಲ್ಲಿ ಶಿಪ್ಪಿಂಗು, ಕಸ್ಟಮ್ಸು ಸೇರಿ ರೆಕಾರ್ಡ್‌ಗಿಂತ ಅದೇ ಜಾಸ್ತಿ ಆದ್ರೂ ಆಗ್ಬಹುದು, ಮನೇಲಿ ಪ್ಲೇಯರ್ ಇದ್ಯೋ ಇಲ್ವೋ ಅದೂ ಗೊತ್ತಿಲ್ಲ. ಬ್ಯಾಂಡ್‌ಕ್ಯಾಂಪ್ ಆಲ್ಬಮ್ ಪೇಜಲ್ಲಿ ಗಿಫ್ಟ್ ಕಳಿಸೋ ಆಪ್ಷನ್ ಇದೆ, ಅವಳ ಇಮೇಲ್ ಹಾಕಿದ್ರೆ ಆಯ್ತು. ಯಾವ ಆಲ್ಬಮ್ ಅನ್ನೋದನ್ನ ಮಾತ್ರ ಅವಳ ಫ್ರೆಂಡ್ ಹತ್ರ ಗುಟ್ಟಾಗಿ ವಿಚಾರಿಸಿ, ಅವಳ ಹತ್ರ ಈಗಾಗ್ಲೇ ಇರೋದನ್ನೇ ತಗೊಂಡೀರಾ ಮತ್ತೆ!